ಎಲೆಯೊಳಗೇನಿದೆ?

ಮಳೆಗಾಲ ಹಿಡಿಯಿತೆಂದರೆ ಕುರ್ಲಾದ ಮಾರುಕಟ್ಟೆಯಲ್ಲಿ ಸೊಪ್ಪಿನ ಬುಟ್ಟಿಗಳು ತುಂಬುತ್ತವೆ. ಊರಿನಿಂದ ಹೊಸದಾಗಿ ಬಂದ ಸೊಸೆಗೆ ಅಲ್ಲಿ ತೊಡಕಾಗುವುದು ಹೆಸರು ಮಾತ್ರ. ನಮ್ಮ ನುಗ್ಗೆ ಇಲ್ಲಿ ಶೇವಗಾ, ಕೆಸು ಇಲ್ಲಿ ಅಳೂ, ಕರಿಬೇವು ಇಲ್ಲಿ ಕಢೀಪತ್ತಾ. ಹೆಸರು ಬೇರೆಯಾದರೂ ಎಲೆ ಅದೇ, ಅದರ ಗುಣವೂ ಅದೇ. ಆದರೆ ಆ ಗುಣ ಯಾವುದರಿಂದ ಬಂತೆಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ?

ನುಗ್ಗೆಸೊಪ್ಪನ್ನೇ ನೋಡಿರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ, 100 ಗ್ರಾಂ ಹಸಿ ಎಲೆಯಲ್ಲಿ ಸಸಾರಜನಕ 6 ಗ್ರಾಂಗೂ ಮೇಲೆ, ಸುಣ್ಣದ ಅಂಶ 300 ಮಿಲಿಗ್ರಾಂಗೂ ಮೇಲೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವ ಸುಣ್ಣದ ಅಂಶ ಸುಮಾರು 120 ಮಿಲಿಗ್ರಾಂ. ಕಣ್ಣಿಗೆ ಬೇಕಾದ 'ಎ' ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟೀನ್ ಸಹ ಇದರಲ್ಲಿ ಹೇರಳ. 'ಸಿ' ಜೀವಸತ್ವವೂ ಇದೆ. ಆದರೆ ಅದು ಬೆಂಕಿಗೂ ನೀರಿಗೂ ನಿಲ್ಲದು. ಆದುದರಿಂದ ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿರಿ. ಪಲ್ಯವನ್ನು ಇಳಿಸಿದ ಮೇಲೆ ಲಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ.

ಚಾಳಿನ ಗ್ಯಾಲರಿಯ ಡಬ್ಬಿಯಲ್ಲಿಯೂ ಬೆಳೆಯುವ ದೊಡ್ಡಪತ್ರೆಗೆ ಓಮದ ಪರಿಮಳ ಕೊಡುವುದು ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ತೈಲಾಂಶಗಳು. ತುಳಸಿಯಲ್ಲಿ ಯೂಜಿನಾಲ್ ಇದೆ, ಲವಂಗದಲ್ಲಿರುವುದೂ ಅದೇ. ತಂಬುಳಿಯ ಒಂದೆಲಗದಲ್ಲಿ ಏಶಿಯಾಟಿಕೊಸೈಡ್ ಇದೆ. ಇವು ಹೊಟ್ಟೆ ತುಂಬಿಸುವ ಅಂಶಗಳಲ್ಲ. ಮೈಮೇಲೆ ಪರಿಣಾಮ ಮಾಡುವ ಅಂಶಗಳು. ಆದುದರಿಂದಲೇ ಅಳತೆ ಬೇಕು. ಸಣ್ಣ ನೆಗಡಿಗೆ ದೊಡ್ಡವರು ಕಷಾಯ ಕುಡಿಯಲಿ. ಆದರೆ ಮಗುವಿಗೆ ಏದುಸಿರು ಬಂದಾಗ ಕಷಾಯ ಕಾಸುತ್ತ ಕೂರದೆ ವೈದ್ಯರಲ್ಲಿಗೆ ಓಡಬೇಕು.

ಹಿರಿಯರ ಅಡಿಗೆಯಲ್ಲಿ ಈ ಎಚ್ಚರಿಕೆ ಅಡಗಿತ್ತು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಗಂಟಲು ತುರಿಸುವುದು ಅವುಗಳಿಂದಲೇ. ಪತ್ರೊಡೆಗೆ ಹುಣಸೆಹುಳಿ ಹಚ್ಚಿ ಹಬೆಯಲ್ಲಿ ಬಹಳ ಹೊತ್ತು ಬೇಯಿಸುವುದು ರುಚಿಗಾಗಿ ಮಾತ್ರವಲ್ಲ.

ಈ ಎಚ್ಚರಿಕೆ ತಪ್ಪಿದರೆ ಏನಾದೀತು? ನಮ್ಮಲ್ಲಿ 'ವಿಟಮಿನ್ ಸೊಪ್ಪು' ಎಂದು ಹೆಸರಾದ ಚಕ್ರಮುನಿಯನ್ನು ಮಲೇಶಿಯಾದವರು ಬಹುಕಾಲದಿಂದ ಬೇಯಿಸಿ ಉಣ್ಣುತ್ತ ಬಂದಿದ್ದಾರೆ. ಆದರೆ 1994-95ರ ಸುಮಾರಿಗೆ ತೈವಾನಿನಲ್ಲಿ ಮೈ ಇಳಿಸುವ ಆಸೆಯಿಂದ ಅದರ ಹಸಿರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಸಣ್ಣ ಶ್ವಾಸನಾಳಗಳು ಮುಚ್ಚಿಕೊಳ್ಳುವ, ವಾಸಿಯಾಗದ ಕಾಯಿಲೆ ತಗಲಿತು. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು. ಬೆಳಿಗ್ಗೆ ಎದ್ದು ಹಸಿರಸ ಕುಡಿಯುವ ಹವ್ಯಾಸವುಳ್ಳವರು ಇದನ್ನು ಮರೆಯಬಾರದು.

ಮುಂಬಯಿಯವರು ಗಮನಿಸಬೇಕಾದ ಮಾತು ಇನ್ನೊಂದಿದೆ. ಎಲೆ ತಾನು ಬೆಳೆದ ನೆಲದ ಸತ್ವವನ್ನು ಹೀರುವಂತೆ ಅದರ ವಿಷವನ್ನೂ ಹೀರುತ್ತದೆ. ರೈಲು ಹಳಿಗಳ ಬದಿಯಲ್ಲಿ ಚರಂಡಿ ನೀರು ಹಾಯಿಸಿ ಸೊಪ್ಪು ಬೆಳೆಸಿದ್ದನ್ನು ಇಲ್ಲಿಯ ಹಳಬರೆಲ್ಲ ಕಂಡಿದ್ದಾರೆ. ಅಂತಹ ಮಣ್ಣಿನ ಸೀಸ, ಕ್ಯಾಡ್ಮಿಯಂ ಎಲೆಯೊಳಗೆ ಸೇರಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಆದುದರಿಂದ ಸೋದರಿಯರೇ, ಕಟ್ಟು ಕೊಳ್ಳುವಾಗ ಬೆಲೆಯ ಜೊತೆಗೆ ಬೆಳೆದ ಜಾಗವನ್ನೂ ಕೇಳಿರಿ. ಕಿಟಕಿಯಲ್ಲಿ ಒಂದು ಕುಂಡಕ್ಕೆ ಎಡೆಯಿದ್ದರೆ ದೊಡ್ಡಪತ್ರೆಯ ಒಂದು ಕಡ್ಡಿ ನೆಡಿರಿ. ನಮ್ಮ ಮಕ್ಕಳಿಗೆ ಊರಿನ ತೋಟ ಇಲ್ಲದಿದ್ದರೂ ಎಲೆಯ ಹೆಸರು, ಗುಣ, ಮಿತಿ ಮೂರೂ ಗೊತ್ತಿರಲಿ.