ಪೆಕನ್ ಸುಲಿಯುವವರ ಎಮ್ಮಾ

ಉದ್ದನೆಯ ಮೇಜು. ಅದರ ಬದಿಗೆ ಮೊಣಕೈಗೆ ಮೊಣಕೈ ತಾಗುವಂತೆ ಕೂತ ಹೆಂಗಸರು. ಎದುರಿಗೆ ಒಡೆದ ಪೆಕನ್ ಕಾಯಿಗಳ ರಾಶಿ. ಅಕ್ರೋಟಿನ ಬಳಗದ ಈ ಕಾಯಿಯ ತಿರುಳು ಓಡಿನ ಸಂದುಗೊಂದಿಗಳಲ್ಲಿ ಕಚ್ಚಿಕೊಂಡಿರುತ್ತದೆ. ಬೆರಳ ತುದಿಯಿಂದ ಬಿಡಿಸಿ, ಮುರಿಯದಂತೆ ಹೊರಗೆಳೆಯಬೇಕು. ಇಡೀ ಹೋಳು ಬಂದರೆ ಒಂದು ದರ, ಚೂರಾದರೆ ಅದಕ್ಕಿಂತ ಒಂದು ಸೆಂಟ್ ಕಡಿಮೆ. ಗಾಳಿಯಾಡದ ಶೆಡ್ಡಿನಲ್ಲಿ ಸಿಪ್ಪೆಯ ನವಿರಾದ ಕಂದು ಧೂಳು ಏಳುತ್ತದೆ, ಉಸಿರಿನೊಂದಿಗೆ ಒಳಗಿಳಿಯುತ್ತದೆ. ಕೈ ತೊಳೆಯುವ ವ್ಯವಸ್ಥೆಯಿಲ್ಲ, ಒಳಗೆ ಶೌಚಾಲಯವೂ ಇಲ್ಲ.

ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಪಶ್ಚಿಮ ಭಾಗದಲ್ಲಿ, 1930ರ ದಶಕದಲ್ಲಿ, ಇಂಥ ನೂರಾರು ಶೆಡ್ಡುಗಳಿದ್ದವು. ದುಡಿಯುತ್ತಿದ್ದವರು ಬಹುತೇಕ ಮೆಕ್ಸಿಕನ್ ಮೂಲದವರು, ಅವರಲ್ಲಿ ಹೆಂಗಸರೇ ಹೆಚ್ಚು. ಮನೆಮಂದಿಯೆಲ್ಲ ಸೇರಿ ದುಡಿದರೂ ಕುಟುಂಬವೊಂದರ ಸರಾಸರಿ ಗಳಿಕೆ ವರ್ಷಕ್ಕೆ 251 ಡಾಲರ್. ಕ್ಷಯಕ್ಕೆ ಬಲಿಯಾಗುವವರು ಇಡೀ ದೇಶದಲ್ಲಿ ಲಕ್ಷಕ್ಕೆ 54 ಮಂದಿಯಾದರೆ ಈ ಊರಿನಲ್ಲಿ 148. ಕಾಯಿ ಬಿಡಿಸುವ ಯಂತ್ರಗಳು ಆಗಲೇ ಇದ್ದವು. ಮನುಷ್ಯರ ಬೆರಳು ಯಂತ್ರಕ್ಕಿಂತ ಅಗ್ಗವೆಂದು ಈ ಊರಿನ ಮಾಲೀಕರು 1926ರ ಹೊತ್ತಿಗೆ ಅವನ್ನು ಬದಿಗಿಟ್ಟು ಕೈಕೆಲಸಕ್ಕೆ ಮರಳಿದ್ದರು.

1938ರ ಜನವರಿ 31ರಂದು ಆ ಬೆರಳುಗಳು ನಿಂತವು. ಪೌಂಡಿಗೆ 6–7 ಸೆಂಟ್ ಇದ್ದ ಕೂಲಿಯನ್ನು 5–6 ಸೆಂಟಿಗೆ ಇಳಿಸಿದ್ದೇ ಕಾರಣ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಎದ್ದು ಹೊರನಡೆದರು. ಮುಂದಾಳಾಗಿ ಅವರು ಆರಿಸಿಕೊಂಡದ್ದು ಎಮ್ಮಾ ತೆನಾಯುಕಾ ಅವರನ್ನು. ಆಗ ಎಮ್ಮಾಗೆ 21 ವರ್ಷ.

ಅಷ್ಟು ಚಿಕ್ಕ ವಯಸ್ಸಿನವಳ ಮೇಲೆ ಅಷ್ಟೊಂದು ಜನ ನಂಬಿಕೆಯಿಟ್ಟದ್ದು ಒಂದು ದಿನದ ಆವೇಶದಿಂದಲ್ಲ. ಅಜ್ಜ ಅಜ್ಜಿಯ ಆರೈಕೆಯಲ್ಲಿ ಬೆಳೆದ ಹುಡುಗಿ ಎಮ್ಮಾ. ಅಜ್ಜ ಕೈಹಿಡಿದು ಕರೆದೊಯ್ಯುತ್ತಿದ್ದ ಪ್ಲಾಜಾ ದೆಲ್ ಸಕಾತೆ ಎಂಬ ಚೌಕದಲ್ಲಿ ಒಬ್ಬರು ಮೆಕ್ಸಿಕೊದ ಕ್ರಾಂತಿಯ ಸುದ್ದಿ ಓದಿ ಹೇಳುತ್ತಿದ್ದರು, ಇನ್ನೊಬ್ಬರು ಬೈಬಲ್ ಬೋಧಿಸುತ್ತಿದ್ದರು. ಅಲ್ಲೇ ಪಕ್ಕದಲ್ಲಿ ಮೇಸ್ತ್ರಿಗಳು ದೂರದ ಹೊಲಗಳಿಗೆ ಕೂಲಿಯಾಳುಗಳನ್ನು ಒಟ್ಟುಗೂಡಿಸುತ್ತಿದ್ದರು. ಆಕೆಯ ನಿಜವಾದ ಪಾಠಶಾಲೆ ಆ ಚೌಕವೇ ಎಂದು ನನಗನ್ನಿಸುತ್ತದೆ. 1933ರಲ್ಲಿ ಫಿಂಕ್ ಸಿಗಾರ್ ಕಂಪನಿಯ ಹೆಣ್ಣುಮಕ್ಕಳು ಮುಷ್ಕರ ಹೂಡಿದಾಗ, ಇನ್ನೂ ಹೈಸ್ಕೂಲಿನಲ್ಲಿದ್ದ ಎಮ್ಮಾ ಅವರ ಸಾಲಿನಲ್ಲಿ ಹೋಗಿ ನಿಂತಳು, ಬಂಧನಕ್ಕೂ ಒಳಗಾದಳು. ಆಮೇಲೆ ನಿರುದ್ಯೋಗಿಗಳ ಸಂಘಟನೆ. ಪರಿಹಾರ ಕಾಮಗಾರಿಯಲ್ಲಿ ಕೆಲಸ ಸಿಗದವರ ಪರವಾಗಿ ಅಹವಾಲು ಬರೆಯುವುದು, ಕಚೇರಿಗೆ ಅಲೆಯುವುದು, ಗಡೀಪಾರಿನ ಭಯದಲ್ಲಿದ್ದವರ ಜೊತೆ ನಿಲ್ಲುವುದು. ಮುಷ್ಕರದ ಬೇರು ಇದ್ದದ್ದು ಈ ಸದ್ದಿಲ್ಲದ ದುಡಿಮೆಯಲ್ಲಿ.

1937ರ ಒಂದು ಫೋಟೊ ಇದೆ. ನಗರಸಭೆಯ ಕಟ್ಟಡದ ಮೆಟ್ಟಿಲ ಮೇಲೆ ಪುಟ್ಟ ಆಳ್ತನದ ತರುಣಿ, ಮುಷ್ಟಿ ಕಟ್ಟಿ ಎತ್ತಿದ ಕೈ, ಸುತ್ತ ಕೆಲಸವಿಲ್ಲದ ಜನ. ಎಮ್ಮಾ ಎಂದರೆ ಎಲ್ಲರೂ ತೋರಿಸುವುದು ಇದೇ ಚಿತ್ರವನ್ನು. ಆದರೆ ನನಗೆ ದೊಡ್ಡದಾಗಿ ಕಾಣುವುದು ಕ್ಯಾಮೆರಾಕ್ಕೆ ಸಿಗದ ಇನ್ನೊಂದು ಗಳಿಗೆ. ಎಮ್ಮಾ ಕಮ್ಯುನಿಸ್ಟ್ ಪಕ್ಷದ ಸದಸ್ಯೆ ಎಂಬುದು ಮುಷ್ಕರಕ್ಕೆ ತೊಡಕಾದೀತೆಂದು ಕೆಲಸಗಾರರ ಯೂನಿಯನ್ನಿನ ರಾಷ್ಟ್ರೀಯ ಮುಖಂಡರು ನಾಯಕತ್ವವನ್ನು ಬೇರೆಯವರಿಗೆ ಒಪ್ಪಿಸಿದರು. ಯಾರಿಗಾದರೂ ಮನಸ್ಸು ಮುರಿಯುವ ಹೊತ್ತು ಅದು. ಎಮ್ಮಾ ಮಾತ್ರ ಬಿಟ್ಟುಹೋಗಲಿಲ್ಲ. ವೇದಿಕೆಯಿಂದ ಇಳಿದು ಕರಪತ್ರ ಬರೆಯಲು ಕೂತರು, ತೆರೆಮರೆಯಲ್ಲಿ ನಿಂತು ಜನರನ್ನು ಕೂಡಿಸಿದರು. ಹೊರಗೆ ಪೊಲೀಸ್ ಮುಖ್ಯಸ್ಥ ಓವೆನ್ ಕಿಲ್‌ಡೇ ಕಡೆಯವರು ಅಶ್ರುವಾಯು ಸಿಡಿಸುತ್ತಿದ್ದರು, ನೂರುಗಟ್ಟಲೆ ಮಂದಿಯನ್ನು ಜೈಲಿಗೆ ತುಂಬುತ್ತಿದ್ದರು. ಮುಷ್ಕರ ನಡೆದದ್ದು 37 ದಿನ.

ಕೊನೆಗೆ ಮಾಲೀಕರು ಪಂಚಾಯ್ತಿಗೆ ಒಪ್ಪಿದರು. ಗೆಲುವು ಹೆಚ್ಚು ಕಾಲ ಬಾಳಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ ಕಾನೂನು ಜಾರಿಯಾಯಿತು. ಬೆರಳಿಗಿಂತ ಯಂತ್ರವೇ ಅಗ್ಗವೆನಿಸಿ ಬದಿಗಿಟ್ಟಿದ್ದ ಯಂತ್ರಗಳು ಮತ್ತೆ ಬಂದವು, ಸಾವಿರಾರು ಮಂದಿಯ ಕೆಲಸ ಹೋಯಿತು. ಹಾಗೆಂದು ಆ ಹೋರಾಟ ವ್ಯರ್ಥವಾಯಿತೆಂದು ಹೇಳಲು ನನಗೆ ನಾಲಿಗೆ ಏಳದು. ತಮ್ಮ ಮಾತಿಗೂ ಬೆಲೆ ಉಂಟೆಂದು ಆ ಹೆಂಗಸರು ಊರಿಗೆಲ್ಲ ತೋರಿಸಿಕೊಟ್ಟಿದ್ದರು.

ಎಮ್ಮಾ ತೆತ್ತ ಬೆಲೆ ದೊಡ್ಡದು. 1939ರ ಆಗಸ್ಟ್ 25ರಂದು ನಗರದ ಸಭಾಂಗಣದಲ್ಲಿ ಆಕೆ ಪಾಲ್ಗೊಂಡಿದ್ದ ಕಮ್ಯುನಿಸ್ಟ್ ಸಭೆಯ ಮೇಲೆ ಸಾವಿರಾರು ಜನರ ಗುಂಪು ಕಲ್ಲು, ಇಟ್ಟಿಗೆ ತೂರುತ್ತ ನುಗ್ಗಿತು. ಪೊಲೀಸರ ನೆರವಿನಿಂದ ಪಾರಾದದ್ದೇ ಹೆಚ್ಚು. ಆಮೇಲೆ ಹುಟ್ಟೂರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಊರು ಬಿಟ್ಟು ಕ್ಯಾಲಿಫೋರ್ನಿಯಾ ಸೇರಿ, ಅಲ್ಲಿ ಓದಿ, ಪದವಿ ಪಡೆದರು. 1960ರ ದಶಕದ ಕೊನೆಗೆ ಸ್ಯಾನ್ ಆಂಟೋನಿಯೊಗೆ ಮರಳಿ, ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿ, 1982ರಲ್ಲಿ ನಿವೃತ್ತರಾಗುವವರೆಗೆ ಶಾಲಾ ಮಕ್ಕಳಿಗೆ ಪಾಠ ಹೇಳಿದರು.

1999ರ ಜುಲೈ 23ರಂದು ಎಮ್ಮಾ ತೀರಿಕೊಂಡರು. ನಗರಸಭೆಯ ಕಟ್ಟಡದ ಪಕ್ಕದಲ್ಲೇ ಇರುವ ಸ್ಯಾನ್ ಫರ್ನಾಂಡೊ ಕೆಥೆಡ್ರಲ್‌ನಲ್ಲಿ ಊರು ಅವರನ್ನು ಬೀಳ್ಕೊಟ್ಟಿತು. ಕವಯಿತ್ರಿ ಕಾರ್ಮೆನ್ ತಫೋಯಾ, ಎಮ್ಮಾ ಅವರ ಬಂಧುವಾದ ವಕೀಲೆಯೊಬ್ಬರ ಜೊತೆ ಸೇರಿ, 2008ರಲ್ಲಿ ಈ ಕಥೆಯನ್ನು ಮಕ್ಕಳ ಪುಸ್ತಕವಾಗಿ ಹೊರತಂದರು. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಕಾಲವನ್ನು ಕಂಡ ಟೆಕ್ಸಾಸಿನಲ್ಲೇ ಮಕ್ಕಳು ಈಗ ಎಮ್ಮಾ ಕಥೆಯನ್ನು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಓದಬಹುದು.