ಮೊರೇರ ಮನೆಯಲ್ಲಿ ಮೌರ್ಯರಿರಲಿಲ್ಲ

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿ ಯಾರನ್ನು ಕೇಳಿದರೂ ಮೊರೇರ ಗುಡ್ಡದ ದಾರಿ ತೋರಿಸುತ್ತಾರೆ. ಗುಡ್ಡವನ್ನು ಬಂಡೆಗಳ ನಡುವೆ ನಡೆದೇ ಹತ್ತಬೇಕು. ಮೇಲೆ ಹೋದರೆ, ಕಲ್ಲುಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ರಚನೆಗಳು ಕಾಣುತ್ತವೆ. ಕೆಲವು ಆಳೆತ್ತರ ಮೀರಿವೆ, ಕೆಲವು ಅರ್ಧ ನೆಲದಲ್ಲಿ ಹೂತಿವೆ. ಹಲವದರ ಮುಂದಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಒಂದು ಕಿಂಡಿ ಇದೆ.

ರಾಜ್ಯ, ಸಾಮ್ರಾಜ್ಯ, ಧರ್ಮ, ಕೃಷಿಯ ಹುಟ್ಟು, ಸಾಮಾಜಿಕ ಶ್ರೇಣಿ ಎಂಬ ಮಾತುಗಳನ್ನು ನಮ್ಮ ಮಕ್ಕಳು ಈಜಿಪ್ಟ್, ಮೆಸೊಪೊಟೇಮಿಯಾ, ರೋಮ್‌ಗಳ ಪಾಠದಲ್ಲಿ ಓದುತ್ತಾರೆ. ಅವುಗಳ ಸಾಕ್ಷಿ ಕೊಪ್ಪಳ ಸೀಮೆಯ ಗುಡ್ಡಗಳಲ್ಲೇ ಬಿದ್ದಿದೆ. ಆದರೆ ಅದರ ಮೇಲೆ ತಪ್ಪು ತಿಳಿವಳಿಕೆಯ ದಪ್ಪ ಪದರವೂ ಕೂತಿದೆ.

‘ಇವು ಮೊರೇರ ಮನೆಗಳು’

ಮೊರೇರು ಎಂಬ ಕುಳ್ಳ ಜನ ಇಲ್ಲಿದ್ದರು, ಇವು ಅವರ ಮನೆಗಳು, ಆ ಕಿಂಡಿಯೇ ಬಾಗಿಲು ಎಂಬುದು ಹಳೆಯ ನಂಬಿಕೆ. ಓದಿದವರು ಇದನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ಸೇರಿಸುತ್ತಾರೆ: ಮೊರೇರೆಂದರೆ ಮೌರ್ಯರು, ಕೊಪ್ಪಳದಲ್ಲಿ ಅಶೋಕನ ಶಾಸನವೇ ಇದೆಯಲ್ಲ ಎನ್ನುತ್ತಾರೆ.

ಇವು ಯಾರೂ ಬಾಳಿದ ಮನೆಗಳಲ್ಲ. ಸತ್ತವರಿಗಾಗಿ ಎಬ್ಬಿಸಿದ ಗೋರಿಗಳು, ಸ್ಮಾರಕಗಳು. ಕಬ್ಬಿಣ ಬಳಸುತ್ತಿದ್ದ ಜನರ ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದವು. ಕಾಲ ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200. ಅಶೋಕ ಆಳಿದ್ದು ಸುಮಾರು ಕ್ರಿ.ಪೂ. 268ರಿಂದ 232ರವರೆಗೆ. ಪಾಟಲಿಪುತ್ರದಲ್ಲಿ ಮೌರ್ಯರ ಹೆಸರೇ ಇಲ್ಲದ ಕಾಲದಲ್ಲಿ, ಅಶೋಕನಿಗಿಂತ ಸುಮಾರು ಐನೂರು ವರ್ಷ ಮೊದಲೇ ಇಲ್ಲಿ ಚಪ್ಪಡಿಗಳು ಏಳತೊಡಗಿದ್ದವು. ಕಟ್ಟಿದವರು ಕುಳ್ಳರೂ ಅಲ್ಲ, ದೈತ್ಯರೂ ಅಲ್ಲ. ನಮ್ಮ ನಿಮ್ಮಷ್ಟೇ ಎತ್ತರದ ಮನುಷ್ಯರು.

ಇಂಥ ತಪ್ಪು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಟ್ಟಿದವರು ಡ್ರೂಯಿಡ್ ಎಂಬ ಪುರೋಹಿತರೆಂದು ಅಲ್ಲಿನ ವಿದ್ವಾಂಸರೇ ಬಹುಕಾಲ ನಂಬಿದ್ದರು. ಡ್ರೂಯಿಡರ ಹೆಸರು ಇತಿಹಾಸದಲ್ಲಿ ಕೇಳಿಬರುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಆ ಕಲ್ಲುಗಳು ನಿಂತಿದ್ದವು. ಹೆಸರು ಗೊತ್ತಿಲ್ಲದ ಜನರ ಕೆಲಸವನ್ನು ಹೆಸರು ಗೊತ್ತಿರುವವರ ಖಾತೆಗೆ ಬರೆಯುವುದು ಎಲ್ಲ ದೇಶಗಳಲ್ಲೂ ನಡೆದಿದೆ.

ಹಿರೇಬೆಣಕಲ್‌ನ ಜನ ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಗ್ಗಲ್ಲು ಪದರುಪದರಾಗಿ ಏಳುವ ಗುಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಂಡೆಯಿಂದ ಚಪ್ಪಡಿ ಎಬ್ಬಿಸಿದ ಜಾಗ ಗೋರಿಗಳ ಪಕ್ಕದಲ್ಲೇ ಇದೆ. ಕಲ್ಲು ತೆಗೆದ ತಗ್ಗಿನಲ್ಲೇ ನೀರು ನಿಲ್ಲಿಸಿಕೊಂಡರು. ಸುತ್ತಲ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಬೇಟೆ, ಕುಣಿತ, ಪ್ರಾಣಿಗಳು. ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ಕಲ್ಲೊಂದಿದೆ. ಬಡಿದರೆ ಸದ್ದು ದೂರದವರೆಗೆ ಕೇಳಿಸುತ್ತದೆ.

‘ಇಷ್ಟು ದೊಡ್ಡ ಕೆಲಸಕ್ಕೆ ರಾಜ ಬೇಕಲ್ಲ?’ ಎಂಬ ಪ್ರಶ್ನೆ ಸಹಜ. ಇಲ್ಲಿ ಅರಮನೆ ಇಲ್ಲ, ನಾಣ್ಯ ಇಲ್ಲ, ಆ ಕಾಲದ ಒಂದು ಅಕ್ಷರವೂ ಇಲ್ಲ. ರಾಜ್ಯವೆಂಬ ವ್ಯವಸ್ಥೆ ಹುಟ್ಟುವ ಮೊದಲೇ ಜನ ಒಟ್ಟಾಗಿ ದುಡಿಯುವುದನ್ನು, ಹೊಣೆ ಹಂಚಿಕೊಳ್ಳುವುದನ್ನು ಕಲಿತಿದ್ದರು. ಹಾಗೆಂದು ಎಲ್ಲರೂ ಸಮಾನರಾಗಿದ್ದರೆಂದು ಹಿಗ್ಗುವುದೂ ಸರಿಯಲ್ಲ. ಒಬ್ಬರಿಗೆ ಆಳೆತ್ತರದ ಚಪ್ಪಡಿ, ಇನ್ನೊಬ್ಬರಿಗೆ ಬರೀ ಕಲ್ಲಿನ ಸುತ್ತು ಎಂದರೆ ಸಾವಿನಲ್ಲೂ ಮೇಲು ಕೀಳು ಇತ್ತೆಂದೇ ಅರ್ಥ. ಆನೆಗೊಂದಿಗೆ ಹತ್ತಿರ, ತುಂಗಭದ್ರೆಯ ದಂಡೆಯ ಕಡೆಬಾಗಿಲು ಪ್ರದೇಶದಲ್ಲಿ ನಡೆದ ಉತ್ಖನನದಲ್ಲಿ ಅದೇ ಕಬ್ಬಿಣ ಯುಗದ ಜನವಸತಿಯೂ ಸಿಕ್ಕಿದೆ. ಸತ್ತವರ ಜಾಗ ಗುಡ್ಡದ ಮೇಲೆ, ಬದುಕಿದವರ ಊರು ಬೇರೆ ಕಡೆ. ಗೋರಿಯನ್ನು ಮನೆ ಎಂದುಕೊಂಡರೆ ಈ ವ್ಯತ್ಯಾಸವೇ ಕಾಣದೆ ಹೋಗುತ್ತದೆ.

‘ಅದು ವಾಲಿಯ ಚಿತೆಯ ಬೂದಿ’

ಆನೆಗೊಂದಿಯ ಆಚೆ ದಡದಲ್ಲಿ, ಹಂಪಿ ಕಡೆಯ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗವೆಂದು ಜನ ನಂಬುತ್ತಾರೆ. ಬಳ್ಳಾರಿ ಜಿಲ್ಲೆಯ ಕುಡತಿನಿಯ ಬೂದಿಗುಡ್ಡಕ್ಕೆ ಹಿಡಿಂಬಾಸುರನ ಕಥೆ ಅಂಟಿಕೊಂಡಿದೆ. ಕಿಷ್ಕಿಂಧೆಯ ಭಕ್ತಿ ಈ ಸೀಮೆಯ ಉಸಿರು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಬೂದಿ ಯಾವುದರದು ಎಂಬುದನ್ನು ಪರೀಕ್ಷಿಸಿ ತಿಳಿಯಬಹುದು, ತಿಳಿದೂ ಆಗಿದೆ. ಇಂಥ ದಿಬ್ಬಗಳೆಲ್ಲ ಸುಟ್ಟ ಸಗಣಿಯವು.

ಇಂದಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಇಂಥದೇ ದಿಬ್ಬವೊಂದನ್ನು ಅಗೆದರು. ದನಗಳನ್ನು ಕೂಡಲು ಹಾಕಿದ ಬೇಲಿಯ ಗೂಟದ ಕುಳಿಗಳು ಸಿಕ್ಕವು. ಅದಕ್ಕಿಂತ ಹೆಚ್ಚಾಗಿ, ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ಸುಮಾರು ಐದು ಸಾವಿರ ವರ್ಷಗಳ ಹಿಂದಿನಿಂದ ಈ ಬಯಲಲ್ಲಿ ದನ ಕಾಯ್ದವರು ಸಗಣಿಯನ್ನು ಒಟ್ಟಿ, ಕಾಲಕಾಲಕ್ಕೆ ಸುಟ್ಟು ಬಿಟ್ಟುಹೋದದ್ದು ಇದು. ರಾಕ್ಷಸನ ಮೂಳೆಗಿಂತ ಆ ಗೊರಸಿನ ಗುರುತು ನನಗೆ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಅದರ ಹಿಂದೆ ದನ ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ ಇದ್ದಾನೆ.

ಇದಕ್ಕೆ ಹೊಂದಿದ್ದು ಇನ್ನೊಂದು ನಂಬಿಕೆ: ಜೋಳ, ಸಜ್ಜೆ ಆದಿಕಾಲದಿಂದ ನಮ್ಮವೇ. ಕುಷ್ಟಗಿ ಮಸಾರಿಯಲ್ಲಿ ಸಜ್ಜೆ, ಯಲಬುರ್ಗಾದ ಎರೆಹೊಲದಲ್ಲಿ ಬಿಳಿಜೋಳ ಕಂಡವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಇವೆರಡೂ ಮೊದಲು ಪಳಗಿದ್ದು ಆಫ್ರಿಕಾದಲ್ಲಿ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಭಾರತಕ್ಕೆ ಬಂದವು. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಅಮೆರಿಕ ಖಂಡದಿಂದ ಬಂದು ಐನೂರು ವರ್ಷವೂ ಸರಿಯಾಗಿ ಆಗಿಲ್ಲ. ಹಾಗಾದರೆ ನಮ್ಮ ನೆಲದ್ದೇ ಬೆಳೆ ಯಾವುದು? ಬಳ್ಳಾರಿ ಬಳಿಯ ಸಂಗನಕಲ್ಲು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಕರಕಲು ಕಾಳುಗಳನ್ನು ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಪರಿಶೀಲಿಸಿದ್ದಾರೆ. ಹುರುಳಿ, ಹೆಸರು, ಕೊರಲೆ ಇಲ್ಲಿನ ಮೊದಲ ರೈತರ ಬೆಳೆಗಳು. ಬೇಸಾಯವೆಂದರೆ ಮೆಸೊಪೊಟೇಮಿಯಾದಲ್ಲಿ ಒಮ್ಮೆ ಹುಟ್ಟಿ ಎಲ್ಲೆಡೆ ಹಬ್ಬಿದ್ದು ಎಂಬ ಪಾಠವನ್ನು ಒಂದು ಹಿಡಿ ಹುರುಳಿ ಸುಳ್ಳು ಮಾಡುತ್ತದೆ. ಲೋಕದ ಹಲವು ಕಡೆ ಜನ ತಮ್ಮ ನೆಲದ ಕಾಡುಗಿಡಗಳನ್ನು ಪಳಗಿಸಿದರು. ಅಂಥ ಸೀಮೆಗಳಲ್ಲಿ ನಮ್ಮದೂ ಒಂದು.

‘ಗವಿಮಠದ ಶಾಸನದಲ್ಲಿ ಅಶೋಕ ಕಳಿಂಗ ಯುದ್ಧಕ್ಕೆ ಮರುಗಿದ್ದಾನೆ’

ಶಾಲೆಯ ಪ್ರವಾಸಗಳಲ್ಲೂ ಕೇಳಿಬರುವ ಮಾತಿದು. ಕೊಪ್ಪಳದಲ್ಲಿ ಅಶೋಕನ ಎರಡು ಶಾಸನಗಳಿವೆ: ಒಂದು ಗವಿಮಠದ ಗುಡ್ಡದ ಮೇಲೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎರಡೂ 1931ರಲ್ಲಿ ಬೆಳಕಿಗೆ ಬಂದವು, ಮರುವರ್ಷ ಆರ್. ಎಲ್. ಟರ್ನರ್ ಅವುಗಳ ಪಾಠ ಪ್ರಕಟಿಸಿದರು. ಗವಿಮಠದ್ದು ಓದುವಂತಿದೆ, ಪಾಲ್ಕಿಗುಂಡಿನದು ಬಹಳ ಸವೆದಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ.

ಇವುಗಳಲ್ಲಿ ಕಳಿಂಗದ ಸುದ್ದಿಯೇ ಇಲ್ಲ. ಅಶೋಕ ಎಂಬ ಹೆಸರೂ ಇಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಆ ಬಿರುದಿನವನು ಅಶೋಕನೇ ಎಂಬುದನ್ನು ಶಾಸನದ ಸಾಕ್ಷಿಯಿಂದ ಖಚಿತಪಡಿಸಿದ್ದು 1915ರಲ್ಲಿ ಸಿಕ್ಕ ನೆರೆಯ ಮಸ್ಕಿಯ ಶಾಸನ. ಕಳಿಂಗದ ಪಶ್ಚಾತ್ತಾಪ ಇರುವುದು 13ನೇ ಬಂಡೆಗಲ್ಲು ಶಾಸನದಲ್ಲಿ. ಕೊಪ್ಪಳದವು ಕಿರುಶಾಸನಗಳು.

ಹಾಗಾದರೆ ಏನಿದೆ? ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಮೊದಲು ಅಷ್ಟಾಗಿ ಪ್ರಯತ್ನ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರದ್ಧೆಯಿಂದ ಪ್ರಯತ್ನಿಸುತ್ತಿದ್ದೇನೆ ಎನ್ನುತ್ತಾನೆ ದೊರೆ. ಅದರ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ. ಪ್ರಯತ್ನಪಟ್ಟರೆ ಸಣ್ಣವರೂ ಸ್ವರ್ಗ ಪಡೆಯಬಲ್ಲರು ಎಂಬುದು ಅದರ ತಿರುಳು. ಪರ್ಷಿಯಾದ ದೊರೆ ಡೇರಿಯಸ್ ಕ್ರಿ.ಪೂ. 6ನೇ ಶತಮಾನದ ಕೊನೆಗೆ ಬೆಹಿಸ್ತೂನ್ ಬಂಡೆಯ ಮೇಲೆ ತಾನು ಸೋಲಿಸಿದವರ ಪಟ್ಟಿಯನ್ನೇ ಕೊರೆಸಿದ್ದ. ಕೈಕಟ್ಟಿ ನಿಲ್ಲಿಸಿದ ಸೆರೆಯಾಳುಗಳ ಚಿತ್ರವೂ ಅಲ್ಲಿದೆ. ಕೊಪ್ಪಳದ ಬಂಡೆಯಲ್ಲಿ ಒಬ್ಬ ಚಕ್ರವರ್ತಿ ತನ್ನ ಸೋಮಾರಿತನ ಒಪ್ಪಿಕೊಂಡು ಬಡವನಿಗೂ ಭರವಸೆ ಕೊಡುತ್ತಾನೆ. ಇಂಥ ಮಾತನ್ನು ಬಿಟ್ಟು, ಅಲ್ಲಿ ಇಲ್ಲದ ಕಳಿಂಗವನ್ನು ಮಕ್ಕಳಿಗೆ ಹೇಳುವುದು ದೊಡ್ಡ ನಷ್ಟ.

ಇದರಿಂದ ಅಶೋಕ ಬೌದ್ಧಮತವನ್ನು ರಾಜ್ಯದ ಮತವಾಗಿ ಮಾಡಿದ ಎನ್ನುವುದೂ ಸರಿಯಲ್ಲ. ತಾನು ಬೌದ್ಧನಾಗಿದ್ದೂ ಅವನು ಬರಾಬರ್ ಗುಹೆಗಳನ್ನು ಆಜೀವಕರಿಗೆ ಕೊಟ್ಟ. ಎಲ್ಲ ಪಂಥಗಳನ್ನೂ ಗೌರವಿಸಬೇಕೆನ್ನುವ 12ನೇ ಶಾಸನದ ಭಾಗ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ರೋಮ್‌ನ ಕಾನ್‌ಸ್ಟಂಟೈನ್ ಬಗ್ಗೆಯೂ ಇದೇ ತಪ್ಪು ಚಾಲ್ತಿಯಲ್ಲಿದೆ: 313ರಲ್ಲಿ ಅವನು ಕ್ರೈಸ್ತರಿಗೆ ಆಚರಣೆಯ ಸ್ವಾತಂತ್ರ್ಯ ಕೊಟ್ಟ, ಅಷ್ಟೇ. ಅದನ್ನು ಸಾಮ್ರಾಜ್ಯದ ಮತವೆಂದು ಸಾರಿದ್ದು 380ರಲ್ಲಿ ಥಿಯೋಡೋಸಿಯಸ್.

‘ಕನಕಗಿರಿಯೇ ಸುವರ್ಣಗಿರಿ’

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕ ಶಾಸನ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಎಂದು ಈ ಭಾಗದಲ್ಲಿ ಖಡಾಖಂಡಿತವಾಗಿ ಹೇಳುತ್ತಾರೆ. ಕನಕಗಿರಿ, ಮಸ್ಕಿ, ಆಂಧ್ರದ ಜೊನ್ನಗಿರಿ ಮೂರಕ್ಕೂ ವಿದ್ವಾಂಸರ ವಾದಗಳಿವೆ. ಯಾವುದಕ್ಕೂ ಶಾಸನದ ನೇರ ಆಧಾರ ಸಿಕ್ಕಿಲ್ಲ. ಹೆಮ್ಮೆ ಇರಲಿ, ಫಲಕದ ಮೇಲೆ ಬರೆಸುವ ಆತುರ ಬೇಡ.

ಇದಕ್ಕಿಂತ ಮುಖ್ಯವಾದ ತಪ್ಪು ಪಠ್ಯಪುಸ್ತಕದ ನಕ್ಷೆಯಲ್ಲಿದೆ. ಹಿಮಾಲಯದಿಂದ ಚಿತ್ರದುರ್ಗದವರೆಗೆ ಒಂದೇ ಬಣ್ಣ ಬಳಿದು ‘ಮೌರ್ಯ ಸಾಮ್ರಾಜ್ಯ’ ಎಂದು ಬರೆದಿರುತ್ತಾರೆ. ಪ್ರತಿ ಹಳ್ಳಿಯಲ್ಲೂ ಪಾಟಲಿಪುತ್ರದ ಅಧಿಕಾರಿ ಕೂತಿದ್ದನೆಂದು ಮಗು ನಂಬುತ್ತದೆ. ಅಂದಿನ ಸಾಮ್ರಾಜ್ಯ ಹಾಗಿರಲಿಲ್ಲ. ಕೆಲವು ನೆಲೆಗಳು, ಅವುಗಳನ್ನು ಜೋಡಿಸುವ ದಾರಿಗಳು, ಬೇಕಾದ ಸಂಪತ್ತು ಸಿಗುವ ಜಾಗಗಳು, ಇಷ್ಟರ ಮೇಲೆ ಅದರ ಹಿಡಿತ. ಮಸ್ಕಿಗೆ ಹತ್ತಿರ ಹಟ್ಟಿಯ ಚಿನ್ನದ ನೆಲ ಇರುವುದನ್ನು ಇಲ್ಲಿ ನೆನೆಯಬೇಕು. ಬ್ರಹ್ಮಗಿರಿ, ಮಸ್ಕಿ ಎರಡರಲ್ಲೂ ಅಶೋಕನ ಶಾಸನದ ಜೊತೆಗೇ ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳಿವೆ. ಗವಿಮಠದ ಬಂಡೆಯ ಮೇಲೆ ಉಳಿ ಆಡುತ್ತಿದ್ದ ದಿನಗಳಲ್ಲಿ ಈ ನೆಲದ ಜನ ತಮ್ಮ ಹಿರಿಯರನ್ನು ತಮ್ಮದೇ ಪದ್ಧತಿಯಲ್ಲಿ ಹೂಳುತ್ತಿದ್ದರು. ಬ್ರಹ್ಮಗಿರಿಯ ಶಾಸನ ಬರೆದ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಕ್ಷರ ಹೊರಗಿನಿಂದ ಬಂತು, ನಿಜ. ಅದು ಬಂದದ್ದು ಬರಿದಾದ ಕಾಡಿಗಲ್ಲ. ಕಬ್ಬಿಣ, ಬೇಸಾಯ, ದನಕರು, ಕಲ್ಲಿನ ಕಸುಬು ಎಲ್ಲ ಇದ್ದ ಸಮಾಜಕ್ಕೆ.

ಈ ಎಲ್ಲ ನಂಬಿಕೆಗಳಲ್ಲಿ ಒಂದೇ ದೋಷ ನನಗೆ ಕಾಣುತ್ತದೆ. ಕೀರ್ತಿ ಕುಳ್ಳರಿಗೆ, ರಾಕ್ಷಸರಿಗೆ, ದೂರದ ಚಕ್ರವರ್ತಿಗೆ ಹೋಗುತ್ತದೆ. ಇಲ್ಲಿ ದುಡಿದವರಿಗೆ ಮಾತ್ರ ಬರುವುದಿಲ್ಲ. ‘ಗುಡಿಗಳನ್ನೆಲ್ಲ ಕಟ್ಟಿಸಿದ್ದು ರಾಜರು’ ಎಂಬ ಮಾತೂ ಹಾಗೆಯೇ. ಹಿಂದೆ ಯಲಬುರ್ಗಾಕ್ಕೆ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಪಾಲ್ಕಿಗುಂಡಿನ ಮೇಲೆ ಎರಡು ಪಾದಗಳನ್ನು ಕೊರೆದಿದೆ. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಮಾಡಿಸಿದನೆಂದು ಕೆಳಗೆ ಕನ್ನಡದಲ್ಲಿದೆ. ಚಾವಯ್ಯ ಯಾವ ಪಟ್ಟದ ಮೇಲೆ ಕೂತವನೂ ಅಲ್ಲ. ಅದೇ ಬಂಡೆಯಲ್ಲಿ ಬೌದ್ಧ ದೊರೆಯ ಮಾತೂ ಇದೆ, ಜೈನ ಗುರುವಿನ ಹೆಜ್ಜೆಯೂ ಇದೆ. ಗವಿಮಠದಲ್ಲಿ ವೀರಶೈವ ಮಠ ಬೆಳೆದು ನಿಂತಿದೆ. ಅಶೋಕನ ಸಾಲುಗಳು ಮೇಲೆ ಹಾಗೇ ಉಳಿದಿವೆ.

‘ಗೋರಿಯ ಕೆಳಗೆ ನಿಧಿ ಇದೆ’

ಕೊನೆಯದಾದರೂ ಅತಿ ಹಾನಿಕರ ನಂಬಿಕೆ ಇದು. ಬೇರೆ ತಪ್ಪುಗಳನ್ನು ಪುಸ್ತಕ ಓದಿ ತಿದ್ದಿಕೊಳ್ಳಬಹುದು. ಈ ನಂಬಿಕೆ ಚಪ್ಪಡಿಗಳನ್ನೇ ಉರುಳಿಸುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಗೋರಿಗಳನ್ನು ಶಾಸ್ತ್ರೀಯವಾಗಿ ಅಗೆದಾಗ ಮುಖ್ಯವಾಗಿ ಸಿಕ್ಕದ್ದು ಕಪ್ಪು ಕೆಂಪು ಮಡಕೆ, ಕಬ್ಬಿಣದ ಆಯುಧ, ಮಣಿ, ಮೂಳೆ. ನಿಧಿಗಳ್ಳರಿಗೆ ಇವು ಕಸ. ಅವು ಇದ್ದ ಜಾಗದಿಂದ ಒಮ್ಮೆ ಕದಲಿದರೆ ಇತಿಹಾಸಕಾರನಿಗೂ ಮತ್ತೆ ಓದಲಾಗುವುದಿಲ್ಲ. ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರವೂ ನಿಧಿಯ ಗುಟ್ಟಲ್ಲ. 1837ರಲ್ಲೇ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದ್ದಾರೆ. ನಾವು ಇಂದು ಬರೆಯುವ ಕನ್ನಡ ಲಿಪಿಯ ಮೂಲವೂ ಅದೇ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಅಲ್ಲಿಗೆ ಹೋಗುವವರು ಚಪ್ಪಡಿಯ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ, ಚಿತ್ರಗಳನ್ನು ಮುಟ್ಟಬೇಡಿ. ಯಾರಾದರೂ ಅಗೆಯುವುದು ಕಂಡರೆ ಕೂಡಲೇ ಪೊಲೀಸರಿಗೆ ತಿಳಿಸಿ. ಗವಿಸಿದ್ಧೇಶ್ವರರ ಜಾತ್ರೆಗೆ ಮಕ್ಕಳನ್ನು ಕರೆತಂದವರು ಗವಿಮಠದ ಗುಡ್ಡದ ಮೇಲಿನ ಅಶೋಕನ ಶಾಸನವನ್ನೂ ತೋರಿಸಿ, ಅದರಲ್ಲಿ ನಿಜವಾಗಿ ಏನಿದೆಯೋ ಅದನ್ನೇ ಹೇಳಿ.