ಒಂದು ಎಕ್ಸೀಡ್‌ಗೆ ಶಹಬ್ಬಾಸ್, ಇನ್ನೊಂದಕ್ಕೆ ಜೋಕೆ

'ಎಕ್ಸೀಡ್' ಎಂಬ ಇಂಗ್ಲಿಷ್ ಪದ ಗಲ್ಫ್‌ನಲ್ಲಿ ದುಡಿಯುವ ನಮಗೆ ಮುಖ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು, ಕಂಪನಿಯ ವಾರ್ಷಿಕ ಅಪ್ರೈಸಲ್ ಫಾರ್ಮ್. 'ಎಕ್ಸೀಡ್ಸ್ ಎಕ್ಸ್‌ಪೆಕ್ಟೇಶನ್ಸ್' ಎಂಬಲ್ಲಿ ಟಿಕ್ ಬಿದ್ದರೆ ನಿರೀಕ್ಷೆ ಮೀರಿ ದುಡಿದಿದ್ದೀರಿ ಎಂದರ್ಥ. ಇನ್ನೊಂದು, ಮಾತ್ರೆಯ ಪೆಟ್ಟಿಗೆ. ಅಲ್ಲಿ 'ಡು ನಾಟ್ ಎಕ್ಸೀಡ್' ಎಂದಿರುತ್ತದೆ. ಬರೆದ ಪ್ರಮಾಣವನ್ನು ಮೀರಬೇಡಿ ಎಂದರ್ಥ.

ಲ್ಯಾಟಿನ್ ಮೂಲದ ಈ ಪದಕ್ಕೆ 'ಹೊರಗೆ ಹೋಗು, ದಾಟು' ಎಂಬುದೇ ಮೂಲ ಅರ್ಥ. ದಾಟಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಪದ ಹೇಳುವುದಿಲ್ಲ. ಏನನ್ನು ದಾಟಿದಿರಿ ಎಂಬುದು ಹೇಳುತ್ತದೆ. ಟಾರ್ಗೆಟ್ ದಾಟಿದರೆ ಹೊಗಳಿಕೆ, ಸ್ಪೀಡ್ ಲಿಮಿಟ್ ದಾಟಿದರೆ ದಂಡ. ಕೇಳಲು ಹತ್ತಿರವಿರುವ 'ಎಕ್ಸೆಲ್' ಬೇರೆ ಪದ. ಅದು ಉಳಿದವರಿಗಿಂತ ಚೆನ್ನಾಗಿ ಮಾಡುವುದಕ್ಕೆ ಮಾತ್ರ. ನಮ್ಮ ಕನ್ನಡದಲ್ಲಿ ಇದು ಸಲೀಸು: ಮಿತಿಯನ್ನು 'ಮೀರು'ತ್ತೇವೆ, ಶಿಷ್ಯ ಗುರುವನ್ನು 'ಮೀರಿಸು'ತ್ತಾನೆ.

ತೊಂದರೆ ಇರುವುದು ಮೊದಲ ಎಕ್ಸೀಡ್‌ನ ಆಸೆಗೆ ಎರಡನೆಯದನ್ನು ಮರೆಯುವಲ್ಲಿ. ಜ್ವರ ಬಂದರೂ ರಜೆ ಹಾಕುವುದಿಲ್ಲ, ಓಟಿ ಬಿಡುವುದಿಲ್ಲ. ಬೆಳಿಗ್ಗೆ ಊರಿನಿಂದ ತಂದ ಡೋಲೋ 650, ಮಧ್ಯಾಹ್ನ ಪನಡಾಲ್, ಸಂಜೆ ಅಡಾಲ್, ರಾತ್ರಿ ಶೀತದ ಮಾತ್ರೆ. ಹೆಸರು ಬೇರೆ ಬೇರೆ ಇದ್ದರೂ ಮೊದಲ ಮೂರರ ಒಳಗಿರುವುದು ಒಂದೇ ಪ್ಯಾರಾಸಿಟಮಾಲ್. ಶೀತದ ಮಾತ್ರೆಗಳಲ್ಲೂ ಹಲವದರಲ್ಲಿ ಅದೇ ಇರುತ್ತದೆ.

ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಗರಿಷ್ಠ ಮಿತಿ. ಅಂದರೆ 500 ಮಿ.ಗ್ರಾಂ.ನ 8 ಮಾತ್ರೆ, 650ರದ್ದಾದರೆ 6. ಎರಡು ಡೋಸ್‌ಗಳ ನಡುವೆ ಕನಿಷ್ಠ 4 ಗಂಟೆ ಬಿಡಬೇಕು. ಲಿವರ್ ತೊಂದರೆ ಇರುವವರಿಗೆ, ದಿನವೂ ಕುಡಿಯುವವರಿಗೆ, ತೂಕ ತೀರಾ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಅವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ. ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ಕಾಣದೆಯೂ ಇರಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ. 8 ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಹೆಚ್ಚಾಗಿದೆ ಎಂದು ಅನುಮಾನ ಬಂದರೆ 'ಈಗ ಆರಾಮಿದ್ದೇನೆ' ಎಂದು ಕಾಯದೆ, ಪೆಟ್ಟಿಗೆ ಸಮೇತ ಆಸ್ಪತ್ರೆಗೆ ಹೋಗಿ.

ದೇಹಕ್ಕೆ ಮಿತಿಯಿದೆ ಎಂಬುದನ್ನು ಒಮಾನ್ ಕಾನೂನೂ ಒಪ್ಪುತ್ತದೆ: ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಿಸಿಲಲ್ಲಿ ಹೊರಗಿನ ಕೆಲಸ ನಿಷಿದ್ಧ. ಕೆಲಸದಲ್ಲಿ ಎಲ್ಲರನ್ನೂ ಮೀರಿಸಿ, ಸಂತೋಷ. ಮಾತ್ರೆ ನುಂಗುವ ಮೊದಲು ಮಾತ್ರ ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ. ಇಂಗ್ಲಿಷ್, ಅರಬಿ ಓದಲು ಬಾರದಿದ್ದರೆ ಫಾರ್ಮಸಿ ಕೌಂಟರಿನಲ್ಲಿ ಕೇಳಿ. ಹೇಳುವುದೇ ನಮ್ಮ ಕೆಲಸ.